ಪಟ್ಟಿ ನಂಬರ್ ಬೇರೆ, ಆಟೋನಂಬರ್ ಬೇರೆ

ಹುಬ್ಬಳ್ಳಿಯಲ್ಲಿ ಕುಳಿತು ನಾನು ಮಾಡಿಕೊಡುವ ಡೇಟಾಬೇಸುಗಳೆಲ್ಲ ಸಣ್ಣವು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ, ಗೋಕುಲ ರಸ್ತೆಯ ಮೋಟಾರ್ ರಿಪೇರಿ ವರ್ಕ್‌ಶಾಪ್, ಗದಗಿನ ಪ್ರಿಂಟಿಂಗ್ ಪ್ರೆಸ್, ಹೀಗೆ. ಒಂದೊಂದು ಕಡೆ ಎರಡೋ ಮೂರೋ ಕಂಪ್ಯೂಟರ್, ಒಂದು ಪ್ರಿಂಟರ್, ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದು ಫೈಲ್. ಲೆಕ್ಕ ತಪ್ಪಿತು, ರಿಪೋರ್ಟ್ ಬರಲಿಲ್ಲ ಅನ್ನುವುದಕ್ಕಿಂತ ಹೆಚ್ಚಾಗಿ ಇವರಿಂದ ನಾನು ಕೇಳಿದ್ದು ನಂಬರಿನ ತಕರಾರು. ಬ್ಯಾಡಗಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿಯೊಬ್ಬರು ಫೋನ್ ಮಾಡಿ ಕೇಳಿದರು: "ಸರ, 1146 ಆದಮ್ಯಾಲೆ ಸೀದಾ 1148 ಬಂದೈತಲ್ರೀ. 1147 ಪಟ್ಟಿ ಎಲ್ಲಿ ಹೋತು? ಸಾವ್ಕಾರ್ರು ಕೇಳಿದ್ರ ನಾ ಏನ್ ಹೇಳ್ಲಿ?"

ಅವರ ಆತಂಕ ಸಣ್ಣದಲ್ಲ. ಪಟ್ಟಿ ಅಂದರೆ ರೈತನ ಕೈಗೆ ಹೋಗುವ ಕಾಗದ. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಕೈಗೆ ಎಷ್ಟು ಹಣ, ಎಲ್ಲ ಅದರಲ್ಲೇ ಇರುತ್ತದೆ. ನಡುವೆ ಒಂದು ನಂಬರ್ ಕಾಣದೇ ಹೋದರೆ ಅನುಮಾನ ಮೊದಲು ಬರುವುದು ಬರೆಯುವವನ ಮೇಲೆ. ಆ ಫೈಲನ್ನು ಮೊದಲು ಮಾಡಿಕೊಟ್ಟವರು ಪಟ್ಟಿ ನಂಬರಿನ ಕಾಲಮ್ಮಿಗೇ ಆಟೋನಂಬರ್, ಅಂದರೆ ಆಕ್ಸೆಸ್ ತಾನಾಗಿ ಕೊಡುವ ಸಂಖ್ಯೆ, ಇಟ್ಟಿದ್ದರು. ನಂಬರ್ ಹಾರುವುದಕ್ಕೆ ಕಾರಣ ಅದು.

ನಾನು ಅಂಗಡಿಗೆ ಹೋದಾಗ ಮಾತಿನಲ್ಲಿ ವಿವರಿಸದೆ ಅವರ ಎದುರಿಗೇ ಫಾರ್ಮ್ ತೆರೆದು ತೋರಿಸಿದೆ. ಹೊಸ ದಾಖಲೆಯಲ್ಲಿ ನಂಬರಿನ ಜಾಗದಲ್ಲಿ ಮೊದಲು 'ನ್ಯೂ' ಎಂದಷ್ಟೇ ಇರುತ್ತದೆ. ರೈತನ ಹೆಸರಿನ ಮೊದಲ ಅಕ್ಷರ ಒತ್ತಿದ ಕ್ಷಣ ಅಲ್ಲಿ ಸಂಖ್ಯೆ ಮೂಡುತ್ತದೆ, ಸೇವ್ ಮಾಡುವವರೆಗೂ ಕಾಯುವುದಿಲ್ಲ. ಆಮೇಲೆ ಎಸ್ಕೇಪ್ ಒತ್ತಿ ಹೊರಗೆ ಬಂದರೆ ದಾಖಲೆ ಹೋಗುತ್ತದೆ, ಜೊತೆಗೆ ಆ ಸಂಖ್ಯೆಯೂ ಹೋಗುತ್ತದೆ. ಮುಂದಿನ ರೈತನಿಗೆ ಅದರ ಮುಂದಿನದು. ಇದನ್ನು ನೋಡಿದ್ದೇ ದಿವಾನಜಿಯವರಿಗೆ ನೆನಪಾಯಿತು: ಆವತ್ತು ತಪ್ಪು ಖಾತೆ ತೆಗೆದು, ಒಂದೆರಡು ಅಕ್ಷರ ಹೊಡೆದು, ಬಿಟ್ಟುಬಂದಿದ್ದರು. 1147 ಎಂಬ ಪಟ್ಟಿ ಹುಟ್ಟಿಯೇ ಇರಲಿಲ್ಲ.

ಹೋದ ನಂಬರನ್ನು ಆಕ್ಸೆಸ್ ಯಾಕೆ ವಾಪಸ್ ತೆಗೆದುಕೊಳ್ಳುವುದಿಲ್ಲ? ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಸುಗ್ಗಿಯ ದಿನಗಳಲ್ಲಿ ಆ ಅಂಗಡಿಯಲ್ಲಿ ಇಬ್ಬರು ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೇ ಪಟ್ಟಿ ಬರೆಯುತ್ತಾರೆ. ಒಬ್ಬರು 1147 ತೆರೆದಿದ್ದಾರೆ, ಇನ್ನೊಬ್ಬರು 1148 ಮುಗಿಸಿ ಸೇವ್ ಮಾಡಿದ್ದಾರೆ. ಈಗ ಮೊದಲಿನವರು ಎಸ್ಕೇಪ್ ಒತ್ತಿದರೆ 1148ನ್ನು ಹಿಂದಕ್ಕೆ ಎಳೆದು 1147 ಮಾಡಲಾದೀತೆ? ಅದಕ್ಕೆ ಸೇರಿದ ಚೀಲ, ತೂಕದ ಸಾಲುಗಳೆಲ್ಲ ಆಗಲೇ 1148 ಎಂಬ ಸಂಖ್ಯೆಯನ್ನು ಹಿಡಿದು ಇನ್ನೊಂದು ಟೇಬಲ್ಲಿನಲ್ಲಿ, ಅಂದರೆ ಫೈಲಿನೊಳಗಿನ ಇನ್ನೊಂದು ಕೋಷ್ಟಕದಲ್ಲಿ, ಕೂತಿವೆ. ಆದ್ದರಿಂದ ಆಕ್ಸೆಸ್ ಒಳಗಿನ ಎಂಜಿನ್ ಪ್ರತಿ ಟೇಬಲ್ಲಿಗೆ 'ಮುಂದಿನ ಸಂಖ್ಯೆ ಇಷ್ಟು' ಎಂಬುದೊಂದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಖಾಲಿ ಬಿದ್ದ ಸಂಖ್ಯೆಗಳ ಪಟ್ಟಿ ಅದರ ಬಳಿ ಇರುವುದೇ ಇಲ್ಲ. ಬಸ್ ಟಿಕೆಟ್ಟಿನ ಬಂಡಲ್ಲಿನಿಂದ ಹರಿದ ಚೀಟಿಯಂತೆ, ಒಮ್ಮೆ ಕಿತ್ತ ಸಂಖ್ಯೆ ಬಂಡಲ್ಲಿಗೆ ಮರಳುವುದಿಲ್ಲ. ಸೇವ್ ಆದ ದಾಖಲೆಯನ್ನು ಅಳಿಸಿದರೂ ಅಷ್ಟೆ.

ನನಗೆ ಇದು ಆಕ್ಸೆಸ್‌ನ ದೋಷವಾಗಿ ಕಂಡಿಲ್ಲ. ಆಟೋನಂಬರಿಗೆ ಒಪ್ಪಿಸಿದ ಕೆಲಸ ಒಂದೇ: ಒಂದು ದಾಖಲೆಗೂ ಇನ್ನೊಂದಕ್ಕೂ ಗೊಂದಲವಾಗದಂತೆ ಗುರುತು ಕೊಡುವುದು, ಆ ಗುರುತನ್ನು ಹಿಡಿದು ಟೇಬಲ್ಲುಗಳನ್ನು ಬೆಸೆಯುವುದು. ಒಂದರ ಹಿಂದೆ ಒಂದು ಬರಬೇಕು, ನಡುವೆ ಬಿಡಬಾರದು ಎಂಬ ಕರಾರು ಅದರಲ್ಲಿಲ್ಲ. ಪ್ರಾಪರ್ಟಿಯಲ್ಲಿ 'ಇನ್‌ಕ್ರಿಮೆಂಟ್' ಬದಲು 'ರ್‍ಯಾಂಡಮ್' ಆರಿಸಿದರೆ ಮೈನಸ್ ಸಂಖ್ಯೆಗಳೂ ಸೇರಿ ಅಡ್ಡಾದಿಡ್ಡಿ ಬರುತ್ತವೆ, ಆದರೂ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ. ಸಂಖ್ಯೆ ಮುಗಿದುಹೋದೀತೆಂಬ ಭಯವೂ ಬೇಡ. ಆಟೋನಂಬರ್ ಬಳಸುವ ಲಾಂಗ್ ಇಂಟೀಜರ್ ಎಂಬ ಸಂಖ್ಯಾಮಾದರಿ 2,147,483,647ರವರೆಗೆ ಹೋಗುತ್ತದೆ. ದಿನಕ್ಕೆ ಸಾವಿರ ಪಟ್ಟಿ ಬರೆದರೂ ಐದು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಒಂದು ಎಚ್ಚರ ಮಾತ್ರ ಹೇಳಲೇಬೇಕು: ಆಟೋನಂಬರ್ ಎಂದ ಮಾತ್ರಕ್ಕೆ ಆ ಕಾಲಮ್ಮಿನಲ್ಲಿ ಒಂದೇ ಸಂಖ್ಯೆ ಎರಡು ಸಲ ಬರುವುದಿಲ್ಲ ಎಂದು ನಂಬಬಾರದು. ಅದನ್ನು ಪ್ರೈಮರಿ ಕೀ (ಟೇಬಲ್ಲಿನ ಮುಖ್ಯ ಗುರುತು) ಮಾಡಿದಾಗ, ಇಲ್ಲವೇ ಒಂದೇ ಸಂಖ್ಯೆಯನ್ನು ಎರಡು ಸಲ ಬರಗೊಡದ ಯೂನಿಕ್ ಇಂಡೆಕ್ಸ್ ಹಾಕಿದಾಗಲೇ ಆ ಖಾತ್ರಿ.

ಆದ್ದರಿಂದ ನಾನು ಎಲ್ಲ ಕಡೆ ಎರಡು ಸಂಖ್ಯೆ ಇಡುತ್ತೇನೆ. ಒಂದು ಐಡಿ. ಅದು ಆಟೋನಂಬರ್, ಪ್ರೈಮರಿ ಕೀ, ಫಾರ್ಮಿನಲ್ಲೂ ಕಾಗದದಲ್ಲೂ ಎಲ್ಲಿಯೂ ಕಾಣಿಸದು. ಇನ್ನೊಂದು ಪಟ್ಟಿ ನಂಬರ್. ಅದು ಮನುಷ್ಯರು ಓದಲಿಕ್ಕೆ, ನಾವೇ ಎಣಿಸಿ ಕೊಡುವಂಥದ್ದು.

ಬ್ಯಾಡಗಿಯ ಫೈಲಿನಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟಿಗಳು ಆಗಲೇ ಇದ್ದವು, ರೈತರ ಕೈಯಲ್ಲಿ ಕಾಗದಗಳೂ ಇದ್ದವು. ಆ ನಂಬರುಗಳನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಹಳೆಯ ಆಟೋನಂಬರ್ ಕಾಲಮ್ಮನ್ನು ಹಾಗೇ ಬಿಟ್ಟು ಹೆಸರನ್ನಷ್ಟೇ ಐಡಿ ಎಂದು ಬದಲಿಸಿದೆ. ಪಕ್ಕದಲ್ಲಿ ಪಟ್ಟಿ ನಂಬರ್ ಎಂಬ ಹೊಸ ಕಾಲಮ್, ನಂಬರ್ ಮಾದರಿಯದು, ಸೈಜ್ ಲಾಂಗ್ ಇಂಟೀಜರ್. ಒಂದು ಅಪ್‌ಡೇಟ್ ಕ್ವೆರಿಯಿಂದ, ಅಂದರೆ ಎಲ್ಲ ಸಾಲುಗಳನ್ನೂ ಒಟ್ಟಿಗೇ ತಿದ್ದುವ ಆಜ್ಞೆಯಿಂದ, ಐಡಿಯನ್ನೇ ಅದಕ್ಕೆ ನಕಲು ಮಾಡಿದೆ. ಹಳೆಯ ಕಾಗದ, ಹಳೆಯ ಸಂಬಂಧ ಎರಡೂ ಉಳಿದವು. ಈ ಕ್ರಮವೇ ಸುರಕ್ಷಿತ. ತಿರುಗಾಮುರುಗಾ ಆಗದು: ಟೇಬಲ್ಲಿನಲ್ಲಿ ಡೇಟಾ ಸೇರಿದ ಮೇಲೆ ಇದ್ದ ಕಾಲಮ್ಮನ್ನು ಆಟೋನಂಬರ್ ಮಾಡಲು ಆಕ್ಸೆಸ್ ಒಪ್ಪುವುದಿಲ್ಲ, ಹೊಸ ಆಟೋನಂಬರ್ ಕಾಲಮ್ ಸೇರಿಸಲು ಮಾತ್ರ ಬಿಡುತ್ತದೆ. ಇನ್ನೊಂದು ಸಣ್ಣ ವಿಷಯ. ನಂಬರ್ ಕಾಲಮ್ ಮಾಡಿದಾಗ ಡೀಫಾಲ್ಟ್ ವ್ಯಾಲ್ಯೂ ಜಾಗದಲ್ಲಿ 0 ತಾನಾಗಿ ಕೂತಿರುತ್ತದೆ. ಅದನ್ನು ಅಳಿಸಿ.

ನಂಬರ್ ಕೊಡುವ ಹೊತ್ತು ಬಹಳ ಮುಖ್ಯ. ಫಾರ್ಮ್ ತೆರೆದಾಗಲ್ಲ, ಮೊದಲ ಅಕ್ಷರ ಹೊಡೆದಾಗಲೂ ಅಲ್ಲ. ಸೇವ್ ಆಗುವ ಕ್ಷಣದಲ್ಲಿ, ಅಂದರೆ ಫಾರ್ಮಿನ ಬಿಫೋರ್ ಅಪ್‌ಡೇಟ್ ಇವೆಂಟಿನಲ್ಲಿ. ಅಲ್ಲಿ ಹೊಸ ದಾಖಲೆಯೇ ಎಂದು ನೋಡಿ, ಹೌದಾದರೆ ಆ ವರ್ಷದ ಪಟ್ಟಿ ನಂಬರುಗಳಲ್ಲಿ ದೊಡ್ಡದನ್ನು ಡಿಮ್ಯಾಕ್ಸ್‌ನಿಂದ ತೆಗೆದು ಒಂದು ಕೂಡಿಸುತ್ತೇನೆ. ವರ್ಷದ ಮೊದಲ ಪಟ್ಟಿಗೆ ಡಿಮ್ಯಾಕ್ಸ್ ನಲ್, ಅಂದರೆ ಖಾಲಿ ಉತ್ತರ, ಕೊಡುತ್ತದೆ. ಅದನ್ನು ಎನ್‌ಜೆಡ್ ಫಂಕ್ಷನ್ ಸೊನ್ನೆ ಮಾಡುತ್ತದೆ. ಎಸ್ಕೇಪ್ ಒತ್ತಿ ಬಿಟ್ಟುಹೋದವರಿಗೆ ನಂಬರೇ ಸಿಕ್ಕಿರುವುದಿಲ್ಲ, ಹೀಗಾಗಿ ಹಾರುವ ಪ್ರಶ್ನೆಯೂ ಇಲ್ಲ. ಪ್ರಿಂಟ್ ಗುಂಡಿ ಒತ್ತಿದರೆ ಮೊದಲು ಸೇವ್ ಆಗಬೇಕು, ಆಮೇಲೆ ಕಾಗದ ಬರಬೇಕು. ಇಲ್ಲವಾದರೆ ನಂಬರಿಲ್ಲದ ಪಟ್ಟಿ ಹೊರಬೀಳುತ್ತದೆ.

ಇಬ್ಬರೂ ಒಂದೇ ಗಳಿಗೆಗೆ ಸೇವ್ ಒತ್ತಿದರೆ? ಇಬ್ಬರಿಗೂ ಒಂದೇ ದೊಡ್ಡ ಸಂಖ್ಯೆ ಕಂಡು, ಇಬ್ಬರಿಗೂ ಒಂದೇ ಮುಂದಿನ ಸಂಖ್ಯೆ ಸಿಗಬಹುದು. ಅದಕ್ಕೇ ವರ್ಷ ಮತ್ತು ಪಟ್ಟಿ ನಂಬರ್ ಎರಡನ್ನೂ ಸೇರಿಸಿ ಒಂದು ಯೂನಿಕ್ ಇಂಡೆಕ್ಸ್ ಹಾಕಿರುತ್ತೇನೆ. ತಡವಾದವರಿಗೆ 3022 ಎಂಬ ಎರರ್ ಬರುತ್ತದೆ. ಅದನ್ನು ಕೋಡಿನಲ್ಲಿ ಹಿಡಿದು, ಸಂಖ್ಯೆ ಮತ್ತೊಮ್ಮೆ ತೆಗೆದು, ಮತ್ತೊಮ್ಮೆ ಸೇವ್ ಮಾಡಿಸುತ್ತೇನೆ. ಬರೆಯುವವರಿಗೆ ಇದಾವುದೂ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಮೂರ್ನಾಲ್ಕಕ್ಕಿಂತ ಹೆಚ್ಚಾದರೆ ಮಾತ್ರ ಸರಣಿಯ ಕೊನೆಯ ಸಂಖ್ಯೆಗೆಂದೇ ಒಂದು ಪುಟ್ಟ ಟೇಬಲ್ ಇಟ್ಟು, ಅದನ್ನು ಲಾಕ್ ಮಾಡಿ, ಹೆಚ್ಚಿಸಿ, ಬಿಡುವ ದಾರಿ ಹಿಡಿಯುತ್ತೇನೆ. ನಮ್ಮ ಪೇಟೆಯ ಅಂಗಡಿಗಳಿಗೆ ಡಿಮ್ಯಾಕ್ಸ್ ಮತ್ತು ಯೂನಿಕ್ ಇಂಡೆಕ್ಸ್ ಸಾಕು.

ಇಷ್ಟೆಲ್ಲ ಮಾಡಿ ಡಿಲೀಟ್ ಮಾಡಲು ಬಿಟ್ಟರೆ ಮತ್ತೆ ಕಂಡಿ ಬೀಳುತ್ತದೆ. ಅದಕ್ಕೆ ಫಾರ್ಮಿನ ಅಲೌ ಡಿಲೀಷನ್ಸ್ ಪ್ರಾಪರ್ಟಿಯನ್ನು 'ನೋ' ಮಾಡಿ, ರದ್ದು ಎಂಬ ಟಿಕ್ ಮತ್ತು ಕಾರಣ ಬರೆಯುವ ಜಾಗ ಕೊಟ್ಟೆ. ಕಾಗದದ ಪುಸ್ತಕದಲ್ಲಿ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆಯುವುದು ದಿವಾನಜಿಯವರಿಗೆ ಹೊಸದಲ್ಲ. "ಹಿಂಗಾದ್ರ ಹಳೇ ಖಿರ್ದಿ ಇದ್ದಂಗ ಆತಲ್ರೀ" ಎಂದು ಸಮಾಧಾನಪಟ್ಟರು. ಮಾರುಕಟ್ಟೆಯ ಇ-ಟೆಂಡರಿನ ಲಾಟ್ ನಂಬರ್ ಬೇರೆಯೇ ಒಂದು ಕಾಲಮ್ಮಿನಲ್ಲಿ, ಟೆಕ್ಸ್ಟ್ ಆಗಿ ಇದೆ. ಅದು ಬೇರೆಯವರು ಕೊಟ್ಟ ನಂಬರ್. ಮೊದಲಿಗೆ ಬರುವ ಸೊನ್ನೆಗಳ ಸಮೇತ ಅವರು ಕೊಟ್ಟಂತೆಯೇ ಇರಬೇಕು, ಅದರ ಮೇಲೆ ನಮ್ಮ ಸಂಬಂಧಗಳನ್ನು ಕಟ್ಟಬಾರದು.

ಇನ್ನು ಆಟೋನಂಬರನ್ನು ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆ. ಪರೀಕ್ಷೆಗೆಂದು ತುಂಬಿದ ದಾಖಲೆಗಳನ್ನೆಲ್ಲ ಅಳಿಸಿ, ಟೇಬಲ್ ಖಾಲಿ ಮಾಡಿ, ಫೈಲನ್ನು ಚೊಕ್ಕಟಗೊಳಿಸುವ ಕಂಪ್ಯಾಕ್ಟ್ ಆಂಡ್ ರಿಪೇರ್ ಓಡಿಸಿದರೆ ಎಣಿಕೆ ಮತ್ತೆ 1ರಿಂದ. ನಡುವಿನ ಕಂಡಿಗಳನ್ನು ಮಾತ್ರ ಅದು ಎಂದೂ ತುಂಬುವುದಿಲ್ಲ. ಕೈಯಿಂದ ಆಟೋನಂಬರನ್ನು ಟೈಪ್ ಮಾಡಲು ಬಾರದಿದ್ದರೂ ಸಾಲು ಸೇರಿಸುವ ಅಪೆಂಡ್ ಕ್ವೆರಿಗೆ ಆ ಅನುಮತಿ ಇದೆ. 1000 ಎಂಬ ಐಡಿಯ ಸಾಲೊಂದನ್ನು ಅಪೆಂಡ್ ಮಾಡಿ ಅಳಿಸಿದರೆ ಮುಂದಿನದು 1001.

ಇದೇ ಅನುಮತಿ ನನಗೆ ನಿಜವಾಗಿ ಒದಗಿದ್ದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಅಲ್ಲಿ ಯಾರೋ ನೇರ ಟೇಬಲ್ ತೆರೆದು ಒಂದು ಜಾಬನ್ನು ಅಳಿಸಿದ್ದರು. ಅದರ ಕಾಗದ, ಪ್ಲೇಟು, ಬೈಂಡಿಂಗಿನ ಸಾಲುಗಳು ಬೇರೆ ಟೇಬಲ್ಲಿನಲ್ಲಿ ಅನಾಥವಾಗಿ ಉಳಿದಿದ್ದವು. ಹಳೆಯ ಬ್ಯಾಕಪ್ಪಿನಿಂದ ಆ ಒಂದು ಸಾಲನ್ನು ಅದರದೇ ಐಡಿ ಸಮೇತ ಅಪೆಂಡ್ ಮಾಡಿದೆ. ಕೂಡಲೇ ಎಲ್ಲ ಸಾಲುಗಳೂ ತಮ್ಮ ಜಾಬಿಗೆ ಅಂಟಿಕೊಂಡವು. ಹೀಗೆ ಮಾಡಿದ ಮೇಲೆ ಒಂದು ಹೊಸ ದಾಖಲೆ ತೆರೆದು ಮುಂದಿನ ಸಂಖ್ಯೆ ಎಷ್ಟು ಬರುತ್ತಿದೆ ಎಂದು ನೋಡಲೇಬೇಕು. ಹಳೆಯ ಐಡಿ ಅಪೆಂಡ್ ಮಾಡಿದಾಗ ಕೆಲವು ಆವೃತ್ತಿಗಳಲ್ಲಿ ಎಣಿಕೆ ಅಲ್ಲಿಗೇ ಹಿಂದೆ ಸರಿದು, ಇದ್ದ ಸಂಖ್ಯೆಯನ್ನೇ ಮತ್ತೆ ಕೊಡಲು ಹೋಗುತ್ತದೆ. ಆಗ ಟೇಬಲ್ಲಿನ ರಚನೆ ಬದಲಿಸುವ ಆಲ್ಟರ್ ಟೇಬಲ್ ಆಜ್ಞೆಯಲ್ಲಿ ಕೌಂಟರ್ ಎಂದು ಬರೆದು ಸರಿಯಾದ ಮುಂದಿನ ಸಂಖ್ಯೆ ಕೊಟ್ಟರೆ ಸರಿಹೋಗುತ್ತದೆ.

ಬೇರೆ ತಂತ್ರಾಂಶಗಳಿಗೆ ಹೋದಾಗ ಈ ಸಂಖ್ಯೆಗಳ ಸ್ವಭಾವ ಬದಲಾಗುತ್ತದೆ. ಹಳೆಯ ಫಾಕ್ಸ್‌ಪ್ರೋ ಫೈಲುಗಳಲ್ಲಿ ಕಾಣುವ ರೆಕಾರ್ಡ್ ನಂಬರ್ ಸಾಲು ಕೂತ ಜಾಗವಷ್ಟೇ. ಅಳಿಸಿದ ಸಾಲುಗಳನ್ನು ಪ್ಯಾಕ್ ಆಜ್ಞೆಯಿಂದ ತೆಗೆದರೆ ಕೆಳಗಿನವರ ನಂಬರೆಲ್ಲ ಮೇಲಕ್ಕೆ ಸರಿಯುತ್ತದೆ. ಅದನ್ನು ಗುರುತಾಗಿ ಎಂದಿಗೂ ಬಳಸಬೇಡಿ. ಲಿಬ್ರೆಆಫೀಸ್ ಬೇಸ್‌ನಲ್ಲಿ ಆಟೋವ್ಯಾಲ್ಯೂ ಇದೆ, ನಡತೆ ಹೆಚ್ಚುಕಡಿಮೆ ಇದೇ. ಎಸ್‌ಕ್ಯೂಲೈಟ್‌ನಲ್ಲಿ ಮಾತ್ರ ಹುಷಾರು. ಇಂಟೀಜರ್ ಪ್ರೈಮರಿ ಕೀ ಎಂದಷ್ಟೇ ಬರೆದರೆ ಅದು ಇರುವ ದೊಡ್ಡ ಸಂಖ್ಯೆಗೆ ಒಂದು ಕೂಡಿಸುತ್ತದೆ. ಕೊನೆಯ ದಾಖಲೆ 500ನ್ನು ಅಳಿಸಿದರೆ ಮುಂದಿನವರಿಗೂ 500 ಬರುತ್ತದೆ. ಹಳೆಯ 500ರ ಚೀಟಿ ಆಗಲೇ ಯಾರದೋ ಜೇಬಿನಲ್ಲಿದ್ದರೆ ಇಬ್ಬರು ಒಂದೇ ನಂಬರಿಗೆ ಜಗಳಕ್ಕೆ ಬರುತ್ತಾರೆ. ಆಟೋಇನ್‌ಕ್ರಿಮೆಂಟ್ ಎಂಬ ಪದ ಸೇರಿಸಿದರೆ ಹಿಂದೆ ಕೊಟ್ಟ ದೊಡ್ಡ ಸಂಖ್ಯೆಯನ್ನು ಬೇರೆ ಟೇಬಲ್ಲಿನಲ್ಲಿ ನೆನಪಿಟ್ಟು ಮುಂದೆ ಹೋಗುತ್ತದೆ.

ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ನಂಬರಿನ ಹಿಂದೆ ಕಾನೂನೂ ಇದೆ. 2017ರ ಸಿಜಿಎಸ್‌ಟಿ (ಕೇಂದ್ರ ಸರಕು ಮತ್ತು ಸೇವಾ ತೆರಿಗೆ) ನಿಯಮಗಳ 46ನೇ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ ಕ್ರಮವಾಗಿ ಬರಬೇಕು, 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಒಂದೇ ಸಲ ಬಳಸಿರಬೇಕು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇವಷ್ಟೇ ನಡೆಯುತ್ತವೆ. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಬಹುದು. ಮಾಲೀಕರಿಗೆ ಎಚ್‌ಬಿಎಲ್ ಎಂಬ ಮೂರಕ್ಷರ, ಓರೆಗೆರೆ, 2023-24, ಓರೆಗೆರೆ, ಐದಂಕಿಯ ಸಂಖ್ಯೆ ಬೇಕಿತ್ತು. ಎಣಿಸಿದರೆ 17! ಒಂದಕ್ಷರ ಬಿಟ್ಟು ಎಚ್‌ಬಿ ಎಂದಿಟ್ಟೆವು, 16ಕ್ಕೆ ಸರಿಯಾಗಿ ಕೂತಿತು. ಟೇಬಲ್ಲಿನಲ್ಲಿ ಮಾತ್ರ ಸರಣಿ, ವರ್ಷ, ಸಂಖ್ಯೆ ಮೂರೂ ಬೇರೆ ಬೇರೆ ಕಾಲಮ್ಮುಗಳಲ್ಲಿವೆ. ಪ್ರಿಂಟ್ ಆಗುವಾಗ ಜೋಡಿಸುತ್ತೇನೆ. ಸೇರಿಸಿಟ್ಟ ಟೆಕ್ಸ್ಟಿನಿಂದ ದೊಡ್ಡ ಸಂಖ್ಯೆ ಹುಡುಕುವುದು ಸುಮ್ಮನೆ ತಲೆನೋವು. ವರ್ಷವನ್ನು ಕಂಪ್ಯೂಟರಿನ ಇವತ್ತಿನ ತಾರೀಖಿನಿಂದ ತೆಗೆಯದೆ ಬಿಲ್ಲಿನ ತಾರೀಖಿನಿಂದಲೇ ತೆಗೆಯುತ್ತೇನೆ: ತಿಂಗಳು ನಾಲ್ಕಕ್ಕಿಂತ ಕಡಿಮೆಯಿದ್ದರೆ ಹಿಂದಿನ ವರ್ಷ.

ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಆ ಅವಧಿಯ ಮೊದಲ ನಂಬರ್, ಕೊನೆಯ ನಂಬರ್, ಒಟ್ಟು ಎಷ್ಟು, ರದ್ದಾದವು ಎಷ್ಟು ಎಂದು ಕೊಡಬೇಕು. ರದ್ದು ಟಿಕ್ ಇರುವುದರಿಂದ ನಾಲ್ಕೂ ಒಂದೇ ಕ್ವೆರಿಯಲ್ಲಿ ಬರುತ್ತವೆ. ಅದೇ ಕ್ವೆರಿಯಲ್ಲಿ ಇನ್ನೊಂದು ಕಾಲಮ್ ಇಟ್ಟಿದ್ದೇನೆ: ಕೊನೆಯದರಿಂದ ಮೊದಲನೆಯದನ್ನು ಕಳೆದು ಒಂದು ಕೂಡಿಸಿದ ಸಂಖ್ಯೆ, ಒಟ್ಟು ದಾಖಲೆಗಳ ಎಣಿಕೆಗೆ ಹೊಂದದಿದ್ದರೆ ಆ ಸಾಲು ಕೆಂಪಾಗುತ್ತದೆ. ರಿಟರ್ನ್ ತುಂಬುವ ಮುಂಚೆ ವರ್ಕ್‌ಶಾಪಿನವರು ಅದನ್ನೊಮ್ಮೆ ತೆರೆದು ನೋಡುತ್ತಾರೆ.