ಉರಿಮೂತ್ರದ ಜೊತೆ ಚಳಿಜ್ವರ ಬಂದರೆ ಏನು ಮಾಡಬೇಕು?

ಮೂತ್ರ ಮಾಡುವಾಗ ಉರಿ. ಪದೇ ಪದೇ ಹೋಗಬೇಕು ಅನಿಸುತ್ತದೆ, ಹೋದರೆ ನಾಲ್ಕೇ ಹನಿ. ನಮ್ಮ ಮನೆಗಳಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ, ‘ಉಷ್ಣ ಆಗಿದೆ, ಎಳನೀರು ಕುಡಿ’. ಹಿಂದೆಯೇ ಬಾರ್ಲಿ ನೀರು, ಕೊತ್ತಂಬರಿ ಬೀಜದ ಕಷಾಯ, ಮಜ್ಜಿಗೆ ಸಾಲಾಗಿ ಬರುತ್ತವೆ. ಕುಡಿಯುವುದರಲ್ಲಿ ತಪ್ಪೇನಿಲ್ಲ. ಬಿಸಿಲಲ್ಲಿ ಓಡಾಡಿ ನೀರು ಕಡಿಮೆಯಾಗಿದ್ದರೆ ಉರಿ ಇಳಿಯಲೂಬಹುದು. ಆದರೆ ಅದೇ ಉರಿಯ ಜೊತೆ ಚಳಿಜ್ವರ ಬಂದು ಪಕ್ಕೆ ನೋಯತೊಡಗಿದರೆ ಲೆಕ್ಕ ಬೇರೆ. ಸೋಂಕು ಕಿಡ್ನಿಗೆ ಏರಿರುವ ಸಾಧ್ಯತೆ ಇದೆ. ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಇಷ್ಟು ಅವಸರ ಯಾಕೆ?

ಕಿಡ್ನಿಗಳು ಇರುವುದು ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಹತ್ತಿರ. ಒಂದೊಂದೂ ಹೆಚ್ಚುಕಡಿಮೆ ಮುಷ್ಟಿಯಷ್ಟು ದೊಡ್ಡದು. ಅಲ್ಲಿ ತಯಾರಾದ ಮೂತ್ರ ಸಣ್ಣ ಕೊಳವೆಗಳಲ್ಲಿ ಇಳಿದು ಮೂತ್ರಕೋಶಕ್ಕೆ ಬರುತ್ತದೆ. ಸೋಂಕು ಸಾಮಾನ್ಯವಾಗಿ ಇದರ ಉಲ್ಟಾ, ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಹೆಚ್ಚಿನ ಸಲ ಕಾರಣ ಇ. ಕೊಲೈ ಎಂಬ ಬ್ಯಾಕ್ಟೀರಿಯಾ. ಕರುಳಿನಲ್ಲಿ ತನ್ನ ಪಾಡಿಗೆ ತಾನಿರುವ ಇದು ಮೂತ್ರದ ದಾರಿಗೆ ಬಂದಾಗ ತೊಂದರೆ ಶುರು. ಹೆಂಗಸರಲ್ಲಿ ಆ ದಾರಿಯ ಉದ್ದ ಬರೀ 4 ಸೆಂಟಿಮೀಟರ್‌ನಷ್ಟು, ಗಂಡಸರಲ್ಲಿ ಸುಮಾರು 20. ಹೆಂಗಸರಲ್ಲಿ ಇದು ಜಾಸ್ತಿ ಕಾಣಿಸುವುದಕ್ಕೆ ದೊಡ್ಡ ಕಾರಣ ಈ ಅಳತೆಯೇ. ಹಾಗಾಗಿ ‘ನೀನು ಕ್ಲೀನಾಗಿ ಇರಲ್ಲ’ ಎಂದು ಮಗಳನ್ನೋ ಸೊಸೆಯನ್ನೋ ಬೈಯುವುದನ್ನು ಬಿಡಿ. ಆ ಮಾತಿಗೆ ಹೆದರಿಯೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ.

ಸೋಂಕು ಮೂತ್ರಕೋಶದಲ್ಲೇ ಇದ್ದರೆ ಕಿರಿಕಿರಿ. ಕಿಡ್ನಿಗೆ ಏರಿದರೆ ಅಪಾಯ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಕಿಡ್ನಿಗಳಿಗೇ ಹೋಗುತ್ತದೆ. ಅಲ್ಲಿ ಬೆಳೆದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದು ಕಷ್ಟವೇನಲ್ಲ. ಸೇರಿದರೆ ಸೆಪ್ಸಿಸ್ ಆಗಬಹುದು, ಅಂದರೆ ಸೋಂಕಿಗೆ ಮೈಯೇ ಹದ್ದುಮೀರಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡಬಹುದು, ಜೀವಕ್ಕೇ ಕುತ್ತು ಬರಬಹುದು. ಬೇಗ ಔಷಧಿ ಶುರುವಾದರೆ ಬಹಳಷ್ಟು ಜನ ಪೂರ್ತಿ ಗುಣವಾಗುತ್ತಾರೆ. ತಡವಾದರೆ ಕಿಡ್ನಿಯಲ್ಲಿ ಕೀವು ಕಟ್ಟಬಹುದು, ಮಾಯದ ಕಲೆ ಉಳಿಯಬಹುದು.

ನೋವು ಎಲ್ಲಿದೆ ನೋಡಿ, ಜ್ವರ ಅಳೆಯಿರಿ

ಮೂತ್ರಕೋಶದ ಸೋಂಕಿನಲ್ಲಿ ನೋವು ಹೊಕ್ಕುಳ ಕೆಳಗೆ, ಕಿಬ್ಬೊಟ್ಟೆಯಲ್ಲಿ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಕಿಡ್ನಿ ಸೋಂಕಿನಲ್ಲಿ ಸೊಂಟದ ಮೇಲೆ, ಪಕ್ಕೆಲುಬಿನ ಕೆಳಗೆ, ಹೆಚ್ಚಾಗಿ ಒಂದೇ ಕಡೆ ನೋವು. ಮೈ ಬಗ್ಗಿಸಿದರೂ ಮಲಗಿದರೂ ಅದು ಅಷ್ಟೇ ಇರುತ್ತದೆ, ಸೊಂಟ ಉಳುಕಿದ ನೋವಿನಂತಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಕಂಬಳಿ ಹೊದ್ದರೂ ನಿಲ್ಲದ ನಡುಕ, ವಾಕರಿಕೆ, ವಾಂತಿ ಬರಬಹುದು.

ಮಳೆಗಾಲದಲ್ಲಿ ಇನ್ನೊಂದು ಎಡವಟ್ಟಿದೆ. ಚಳಿಜ್ವರ ಅಂದ ಕೂಡಲೇ ಎಲ್ಲರ ಗಮನ ಡೆಂಗಿ ಕಡೆಗೆ ಹೋಗುತ್ತದೆ. ಪ್ಲೇಟ್‌ಲೆಟ್ ಸರಿಯಿದೆ ಎಂದು ರಿಪೋರ್ಟ್ ಬಂದರೆ ‘ವೈರಲ್ ಇರಬೇಕು’ ಎಂದು ಸುಮ್ಮನಾಗುತ್ತಾರೆ. ಉರಿಮೂತ್ರ ಇದ್ದಿದ್ದನ್ನು ನೀವಾಗೇ ಡಾಕ್ಟರಿಗೆ ಹೇಳಬೇಕು. ಎರಡು ದಿನದ ಹಿಂದೆ ಇದ್ದು ಈಗ ಕಡಿಮೆಯಾಗಿದ್ದರೂ ಹೇಳಿ. ಉರಿಯೇ ಇಲ್ಲದೆಯೂ ಕಿಡ್ನಿ ಸೋಂಕು ಆಗುವುದುಂಟು.

ವಯಸ್ಸಾದವರಲ್ಲಿ ಜ್ವರವೂ ಇಲ್ಲದಿರಬಹುದು. ನಿನ್ನೆ ತನಕ ಸರಿಯಿದ್ದ ಅಜ್ಜಿ ಇವತ್ತು ತಬ್ಬಿಬ್ಬಾಗಿ ಮಾತಾಡಿದರೆ, ಊಟ ಬಿಟ್ಟು ಮಂಕಾಗಿ ಮಲಗಿದರೆ ‘ವಯಸ್ಸಾಯ್ತಲ್ಲ’ ಅಂದುಕೊಳ್ಳಬೇಡಿ. ಕೂಸುಗಳಲ್ಲಿ ಬರೀ ಜ್ವರ, ಹಾಲು ಬಿಡುವುದು, ವಾಂತಿ ಇಷ್ಟೇ ಕಾಣಬಹುದು.

ಮಾತ್ರೆ ನುಂಗುವ ಮೊದಲು ಮೂತ್ರ ಕೊಡಿ

ಹೆಚ್ಚಿನವರು ಎಡವುವುದು ಇಲ್ಲೇ. ಮೆಡಿಕಲ್ ಶಾಪಿಗೆ ಹೋಗಿ ‘ಯೂರಿನ್ ಇನ್‌ಫೆಕ್ಷನ್‌ಗೆ ಏನಾದ್ರೂ ಕೊಡಿ’ ಎಂದು ಆ್ಯಂಟಿಬಯಾಟಿಕ್ ತಂದು ಎರಡು ದಿನ ನುಂಗುತ್ತಾರೆ. ಜ್ವರ ಇಳಿಯದಿದ್ದಾಗ ಆಸ್ಪತ್ರೆಗೆ ಬರುತ್ತಾರೆ. ಅಷ್ಟರಲ್ಲಿ ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಂದಿರುವುದಿಲ್ಲ, ಆದರೆ ಲ್ಯಾಬ್‌ನಲ್ಲಿ ಬೆಳೆಯದಷ್ಟು ಅಡಗಿಸಿರುತ್ತದೆ. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆಯೇ ಕಲ್ಚರ್. ಅದರ ರಿಪೋರ್ಟಿನಲ್ಲಿ ಆಗ ಏನೂ ಸಿಗದೇ ಹೋಗಬಹುದು. ಡಾಕ್ಟರು ಊಹೆಯ ಮೇಲೆ ಔಷಧಿ ಕೊಡಬೇಕಾಗುತ್ತದೆ.

ಮೂತ್ರ ಹಿಡಿಯುವುದಕ್ಕೂ ಕ್ರಮ ಇದೆ. ಲ್ಯಾಬ್‌ನವರು ಕೊಡುವ ಸ್ಟೆರೈಲ್ ಡಬ್ಬಿಯನ್ನೇ ಬಳಸಿ, ಮನೆಯ ಬಾಟಲಿ ಬೇಡ. ಕೈ ತೊಳೆಯಿರಿ. ಹೆಂಗಸರು ಆ ಜಾಗವನ್ನು ಮುಂದಿನಿಂದ ಹಿಂದಕ್ಕೆ ನೀರಿನಿಂದ ತೊಳೆದುಕೊಳ್ಳಬೇಕು. ಮೊದಲ ಧಾರೆ ಬಿಟ್ಟುಬಿಡಿ, ನಡುವಿನದನ್ನು ಡಬ್ಬಿಗೆ ಹಿಡಿಯಿರಿ, ಕೊನೆಯದೂ ಬೇಡ. ಡಬ್ಬಿಯ ಒಳಬದಿ, ಮುಚ್ಚಳದ ಒಳಭಾಗ ಮುಟ್ಟಬಾರದು. ಒಂದೆರಡು ಗಂಟೆಯಲ್ಲಿ ಲ್ಯಾಬ್ ಸೇರಬೇಕು. ಆಗದಿದ್ದರೆ ಫ್ರಿಡ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಊರು ಸುತ್ತಿದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಹೆಚ್ಚಿ ರಿಪೋರ್ಟ್ ಕೆಡುತ್ತದೆ.

ಮೂತ್ರದ ಮಾಮೂಲಿ ಪರೀಕ್ಷೆ ಅವತ್ತೇ ಸಿಗುತ್ತದೆ. ಕಲ್ಚರ್‌ಗೆ ಎರಡು-ಮೂರು ದಿನ ಬೇಕು. ಅಲ್ಲಿಯವರೆಗೆ ಯಾರೂ ಕಾಯಿಸುವುದಿಲ್ಲ. ಸ್ಯಾಂಪಲ್ ಕೊಟ್ಟ ಕೂಡಲೇ ಚಿಕಿತ್ಸೆ ಶುರು, ರಿಪೋರ್ಟ್ ಬಂದ ಮೇಲೆ ಬೇಕಿದ್ದರೆ ಔಷಧಿ ಬದಲು. ರಿಪೋರ್ಟಿನಲ್ಲಿ ಔಷಧಿಯ ಹೆಸರಿನ ಮುಂದೆ ‘ಎಸ್’ ಇದ್ದರೆ ಅದಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ‘ಆರ್’ ಇದ್ದರೆ ಬಗ್ಗುವುದಿಲ್ಲ. ನಮ್ಮ ದೇಶದಲ್ಲಿ ಇ. ಕೊಲೈ ಹಲವು ಹಳೆಯ, ಪರಿಚಿತ ಔಷಧಿಗಳಿಗೆ ಬಗ್ಗುತ್ತಿಲ್ಲ ಎಂಬುದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವಾರ್ಷಿಕ ವರದಿಗಳಲ್ಲೂ ಇದೆ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಅದನ್ನು ಮಾರಬಾರದು, ನೀವೂ ಕೇಳಬಾರದು.

ಪಕ್ಕದ ಮನೆಯವರಿಗೆ ಗುಣವಾಯಿತು ಎಂದು ಅದೇ ಮಾತ್ರೆ ತರುವುದೂ ಬೇಡ. ಉದಾಹರಣೆಗೆ ನೈಟ್ರೋಫ್ಯೂರಾಂಟೊಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧಿ. ಆದರೆ ಕಿಡ್ನಿಯ ಒಳಗೆ ಸಾಕಷ್ಟು ಪ್ರಮಾಣದಲ್ಲಿ ಸೇರುವುದಿಲ್ಲ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದ ಮಾತ್ರೆ ನೀವಾಗೇ ನುಂಗಬೇಡಿ, ಅವು ಕಿಡ್ನಿಗೆ ಹೊರೆ. ಜ್ವರ-ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ.

ಅಡ್ಮಿಟ್ ಯಾವಾಗ?

ನೀರು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿದ್ದರೆ, ಬೇರೆ ಕಾಯಿಲೆ ಇಲ್ಲದಿದ್ದರೆ, ಮನೆಯಲ್ಲೇ ಚಿಕಿತ್ಸೆ ಸಾಧ್ಯ. ಕೋರ್ಸ್ ಸಾಮಾನ್ಯವಾಗಿ 7ರಿಂದ 14 ದಿನ. ಎರಡು-ಮೂರು ದಿನದಲ್ಲಿ ಜ್ವರ ಇಳಿಯಬೇಕು. ಇಳಿಯದಿದ್ದರೆ ವಾಪಸ್ ಹೋಗಿ. ಕೀವು ಕಟ್ಟಿದೆಯಾ, ಕಲ್ಲು ಅಡ್ಡ ಇದೆಯಾ ಎಂದು ಸ್ಕ್ಯಾನಿಂಗ್ ಮಾಡಿ ನೋಡಬೇಕಾಗುತ್ತದೆ.

ವಾಂತಿ ನಿಲ್ಲದಿದ್ದರೆ, ಉಸಿರು ಜೋರಾಗಿದ್ದರೆ, ಬಿಪಿ ಇಳಿದು ತಲೆ ಸುತ್ತಿದರೆ, ಮಾತು ತಡವರಿಸಿದರೆ, ಮೂತ್ರವೇ ಬರದಿದ್ದರೆ 108ಕ್ಕೆ ಫೋನ್ ಮಾಡಿ. ಕಿಡ್ನಿ ಕಲ್ಲು ಇದೆ ಎಂದು ಮೊದಲೇ ಗೊತ್ತಿರುವವರು ಜ್ವರ ಬಂದರೆ ಒಂದು ರಾತ್ರಿಯೂ ಕಾಯಬಾರದು. ಕಲ್ಲು ದಾರಿ ಕಟ್ಟಿದ್ದರೆ ಬರೀ ಆ್ಯಂಟಿಬಯಾಟಿಕ್ ಸಾಲುವುದಿಲ್ಲ. ಮೂತ್ರದ ಕೊಳವೆಯೊಳಗೆ ಸ್ಟೆಂಟ್ ಎಂಬ ಸಣ್ಣ ನಳಿಕೆ ಹಾಕಿ ಅಥವಾ ಬೆನ್ನಿನಿಂದ ನಳಿಕೆ ಇಟ್ಟು ಕೆಟ್ಟ ಮೂತ್ರ ಹೊರಗೆ ಬಿಡಬೇಕು. ಬಾಳೆದಿಂಡಿನ ರಸ ಆಗ ಕೆಲಸಕ್ಕೆ ಬರುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಬೇಗ ಬಿಗಡಾಯಿಸುತ್ತದೆ. ಗರ್ಭಿಣಿಯರದ್ದಂತೂ ಬೇರೆಯೇ ಕಥೆ. ಬೆಳೆಯುವ ಗರ್ಭಕೋಶ ಮೂತ್ರದ ಕೊಳವೆಗಳನ್ನು ಒತ್ತುತ್ತದೆ, ಮೂತ್ರ ಸರಾಗವಾಗಿ ಇಳಿಯುವುದಿಲ್ಲ. ಯಾವ ಉರಿಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರಬಹುದು. ಅದನ್ನು ಹಾಗೇ ಬಿಟ್ಟರೆ ಕಿಡ್ನಿಗೆ ಏರಿ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯ ಇದೆ. ತಾಯಿ ಕಾರ್ಡ್ ಮಾಡಿಸಿದಾಗ ಮೂತ್ರ ಪರೀಕ್ಷೆ ಆಯಿತು ಎಂದು ಸುಮ್ಮನಾಗಬೇಡಿ. ಪ್ರೋಟೀನ್, ಸಕ್ಕರೆ ನೋಡುವ ಪರೀಕ್ಷೆ ಬೇರೆ, ಕಲ್ಚರ್ ಬೇರೆ. ಕಲ್ಚರ್ ಮಾಡಿದ್ದಾರಾ ಎಂದು ನರ್ಸ್ ಅಕ್ಕನನ್ನೋ ಡಾಕ್ಟರನ್ನೋ ಕೇಳಿ.

ಗುಣವಾದ ಮೇಲೆ

ಜ್ವರ ಬಿಟ್ಟ ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸುವವರೇ ಜಾಸ್ತಿ. ಕೋರ್ಸ್ ಪೂರ್ತಿ ಮಾಡಿ. ಮೂತ್ರ ತಡೆದು ಕೂರಬೇಡಿ ಎಂದು ಹೇಳುವುದು ಸುಲಭ. ಶಾಲೆಯಲ್ಲಿ ಬಾಗಿಲಿಲ್ಲದ ಟಾಯ್ಲೆಟ್, ಗಾರ್ಮೆಂಟ್ಸ್‌ನಲ್ಲಿ ಎದ್ದು ಹೋಗಲು ಸೂಪರ್‌ವೈಸರ್ ಅನುಮತಿ, ದಿನವಿಡೀ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಇದ್ದರೆ ಹೆಂಗಸರು ನೀರನ್ನೇ ಕಡಿಮೆ ಮಾಡುತ್ತಾರೆ. ಅದು ಅವರ ತಪ್ಪಲ್ಲ, ಟಾಯ್ಲೆಟ್ ಕಟ್ಟಬೇಕಾದವರ ತಪ್ಪು.

ಗಂಡಸರಿಗೆ, ಮಕ್ಕಳಿಗೆ ಕಿಡ್ನಿ ಸೋಂಕು ಒಮ್ಮೆ ಬಂದರೂ ಯಾಕೆ ಬಂತು ಎಂದು ಹುಡುಕಬೇಕು. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ತೊಂದರೆ, ಕಲ್ಲು, ಹುಟ್ಟಿನಿಂದಲೇ ಇರುವ ದೋಷ ಏನಾದರೂ ಇರಬಹುದು. ಪದೇ ಪದೇ ಬರುವ ಹೆಂಗಸರಿಗೂ ಸ್ಕ್ಯಾನಿಂಗ್ ಬೇಕು. ಕಲ್ಚರ್ ರಿಪೋರ್ಟಿನ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮುಂದೆ ಮತ್ತೆ ಬಂದರೆ ಯಾವ ಔಷಧಿ ಕೆಲಸ ಮಾಡಿತ್ತು, ಯಾವುದು ಮಾಡಿರಲಿಲ್ಲ ಎಂದು ಡಾಕ್ಟರು ಮೊದಲು ಕೇಳುವುದು ಅದನ್ನೇ.