ಗುಳಿ ರಾಗಿ: ಕೊರಡು ಎಳೆಯುವ ಹೊತ್ತು

ಚೌಕಕ್ಕೆ ಗುಳಿ ತೋಡಿ ರಾಗಿ ಪೈರು ನೆಡುವ ಹಾವೇರಿ ಕಡೆಯ ಗುಳಿ ಪದ್ಧತಿ ನಮ್ಮ ಕೆಂಪು ಮಣ್ಣಿಗೆ ಒಗ್ಗಲ್ಲ ಅಂದವರೇ ಹೆಚ್ಚು. 2024ರಲ್ಲಿ ಅರ್ಧ ಎಕರೆಗೆ ಎಂಟು ಕ್ವಿಂಟಲ್ ಹತ್ತಿರ ಬಂತು. ಅದೇ ತಾಕಿನಲ್ಲಿ ಬೀಜ ಚೆಲ್ಲಿ ಬಿತ್ತಿದಾಗ ಮೂರು ದಾಟಿದ್ದೇ ಇಲ್ಲ.

ಅಂತರ ಹೀಗೆ: ಒಂದೂವರೆ ಅಡಿ ಚೌಕ, ಗುಳಿಗೆ ಒಂದು ಹಿಡಿ ಕಳಿತ ಗೊಬ್ಬರ, ಎರಡು ಪೈರು. ಅರ್ಧ ಎಕರೆಗೆ ಒಂಬತ್ತೂವರೆ ಸಾವಿರ ಗುಳಿ, ಬೀಜ ಇನ್ನೂರು ಗ್ರಾಂ. ಮೊದಲು ಕೈಕೊಟ್ಟಿದ್ದು ಕೊರಡು, ಅಂದರೆ ತೆಂಡೆ (ಬುಡದಿಂದ ಒಡೆಯುವ ಕವಲು) ಹೆಚ್ಚಲೆಂದು ಪೈರಿನ ಮೇಲೆ ಎಳೆದು ಬಾಗಿಸುವ ಮರದ ದಿಮ್ಮಿ.

2022ರಲ್ಲಿ ನಾಟಿಯಾದ ಐವತ್ತನೇ ದಿನ ಎಳೆದೆ. ಅಷ್ಟರಲ್ಲಿ ಗಿಣ್ಣು ಬಂದಿತ್ತು. ದಂಟು ಬಾಗಲಿಲ್ಲ, ಮುರಿಯಿತು. ಮಳೆ ಬಿದ್ದ ಮರುದಿನವೇ ಎಳೆದದ್ದು ಇನ್ನೊಂದು ತಪ್ಪು. ಹಸಿ ಮಣ್ಣು ಕೊರಡಿಗೆ ಮೆತ್ತಿಕೊಂಡು ಪೈರು ಬೇರುಸಮೇತ ಕಿತ್ತು ಬಂತು. 2023ರ ಬರದಲ್ಲಿ ಮಳೆಗೆ ಕಾಯುತ್ತಾ ಸಸಿ ಮಡಿಯ ಪೈರಿಗೇ ನಲವತ್ತು ದಿನವಾಯಿತು. ನೆಟ್ಟರೂ ಬುಡಕ್ಕೆ ಏಳೆಂಟು ತೆಂಡೆ ಅಷ್ಟೇ. ನಾಟಿ ಕೂಲಿ ನಾಲ್ಕು ಸಾವಿರ ಮಣ್ಣುಪಾಲು.

ಈಗ ಮಡಿಯನ್ನು ಹತ್ತು ದಿನದ ಅಂತರದಲ್ಲಿ ಎರಡು ಕಂತು ಬಿತ್ತುತ್ತೇನೆ. ಮಳೆ ತಡವಾದರೆ ಎರಡನೆಯದು ಕೈಗೆ ಬರುತ್ತೆ. ನೆಡುವಾಗ ಪೈರು ಇಪ್ಪತ್ತೆರಡು ದಿನದ್ದಾದರೆ ಸರಿ. ಕೊರಡು ಮೊದಲು ನಾಟಿಯ ಹದಿನಾರನೇ ದಿನ, ಆಮೇಲೆ ವಾರಕ್ಕೊಂದು ಸಲ, ಒಟ್ಟು ನಾಲ್ಕು. ಪ್ರತಿ ಸಲ ದಿಕ್ಕು ಬದಲಿಸಿ. ಬೆಳಗಿನ ಹೊತ್ತು ಪೈರು ನೀರು ತುಂಬಿ ಬಿರುಸಾಗಿರುತ್ತೆ; ಬಿಸಿಲೇರಿ ಎಲೆ ತುಸು ಸೋತ ಮೇಲೆ ಎಳೆದರೆ ಬಾಗುತ್ತೆ, ಮೂರು ದಿನಕ್ಕೆ ಎದ್ದು ನಿಲ್ಲುತ್ತೆ. ಹಿಂದೆಯೇ ಎರಡೂ ದಿಕ್ಕಿಗೆ ಎಡೆಕುಂಟೆ (ಸಾಲಿನ ನಡುವೆ ಕಳೆ ತೆಗೆಯುವ ಕುಂಟೆ). ಬುಡಕ್ಕೆ ನಲವತ್ತು ತೆಂಡೆ ಎಣಿಸಿದ್ದೇನೆ.

ಒಂದು ಮೂಲೆಯಲ್ಲಿ ಅಡಿ ಅಂತರಕ್ಕೆ ನೆಟ್ಟು ನೋಡಿದೆ: ಕುಂಟೆ ಹೋಗಲ್ಲ, ತೆಂಡೆ ಹದಿನೈದಕ್ಕೇ ನಿಂತವು. ಅಕ್ಕಡಿ (ರಾಗಿ ನಡುವಿನ ಮಿಶ್ರ ಬೆಳೆ) ಸಾಲಿಗೆ ಅವರೆಯನ್ನೂ ಹಾಕಿದ್ದೆ. ರಾಗಿ ಎದ್ದಂತೆ ಅವರೆ ಏಳುತ್ತದೆಯೇ? ಕೊರಡಿಗೆ ಸಿಕ್ಕಿ ಅಷ್ಟೂ ಹೋಯಿತು. ಅವರೆ ಏನಿದ್ದರೂ ಬದುವಿಗೆ.

2024ರ ಖರ್ಚು ನೆನಪಿನ ಮೇಲೆ, ರೂಪಾಯಿಯಲ್ಲಿ: ನಾಟಿ 3,600, ಕೊರಡು–ಕುಂಟೆಗೆ ಎತ್ತಿನ ಬಾಡಿಗೆ 2,800, ಕೊಯ್ಲು–ಒಕ್ಕಣೆ ಐದು ಸಾವಿರದ ಆಸುಪಾಸು. ಗೊಬ್ಬರ ಮನೆಯದು. ಮೂರು ಕ್ವಿಂಟಲ್ ಮನೆಗಿಟ್ಟು ಐದನ್ನು ಕ್ವಿಂಟಲ್‌ಗೆ ಆಗಿನ ಬೆಂಬಲ ಬೆಲೆ 4,290ಕ್ಕೆ ಕೊಟ್ಟೆ. ಇಪ್ಪತ್ತೊಂದು ಸಾವಿರ ಚಿಲ್ಲರೆ.

ಕೊಯ್ಲಿನ ತಾಪತ್ರಯ ಬೇರೆ. ತಡವಾಗಿ ಬಂದ ತೆಂಡೆಯ ತೆನೆ ಇನ್ನೂ ಹಸಿರಿರುತ್ತೆ, ಒಮ್ಮೆಲೇ ಕೊಯ್ದರೆ ಜೊಳ್ಳು. ಹತ್ತು ದಿನ ಬಿಟ್ಟು ಎರಡನೇ ಸಲ ತೆನೆ ಮುರಿಯಬೇಕು. ಹುಲ್ಲೂ ದಪ್ಪ; ದನ ಬುಡ ಬಿಟ್ಟು ತುದಿ ತಿನ್ನುತ್ತವೆ, ಕತ್ತರಿಸಿಯೇ ಹಾಕಬೇಕು.