ಮಾಂತ್ರಿಕನ ನಿಲುವಂಗಿಗೆ ಇಳಕಲ್ ಅಂಚು

ಮೇಜಿನ ಮೇಲೆ ಆಡುವ ಯುದ್ಧದಾಟದ ಸೈನ್ಯದಲ್ಲಿ ಈಟಿಗಾರರು, ಬಿಲ್ಲುಗಾರರು, ಸವಾರರು ಹಿಂಡುಹಿಂಡಾಗಿ ಇರುತ್ತಾರೆ. ಮಾಂತ್ರಿಕರು ಒಬ್ಬರೋ ಇಬ್ಬರೋ. ಉಳಿದವರನ್ನು ಸಾಲಾಗಿ ನಿಲ್ಲಿಸಿ ಒಂದೇ ಬಣ್ಣ ಬಳಿದು ಮುಗಿಸಬಹುದು. ಮಾಂತ್ರಿಕನಿಗೂ ಹಾಗೇ ಮಾಡಿದರೆ ಅವನು ಗುಂಪಿನಲ್ಲಿ ಕಳೆದುಹೋಗುತ್ತಾನೆ. ಅವನಿಗೆ ಕವಚವಿಲ್ಲ, ಗುರಾಣಿಯಿಲ್ಲ. ಮೂರು ಸೆಂಟಿಮೀಟರ್ ಎತ್ತರದ ಆ ಗೊಂಬೆಯಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಬಟ್ಟೆಯೇ. ಬಟ್ಟೆ ಸರಿಯಾಗಿ ಬಂದರೆ ಮಾಂತ್ರಿಕ ಸರಿಯಾಗಿ ಬಂದಂತೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ಬೆಳೆದವರು ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಮನೆಯ ಟ್ರಂಕ್ ತೆಗೆದರೆ ಸಾಕು.

ಯಾವ ಮಾಂತ್ರಿಕ?

ಗೊಂಬೆ ಕೈಗೆತ್ತಿಕೊಳ್ಳುವ ಮೊದಲು ಅವನ ವಿದ್ಯೆ ಯಾವುದೆಂದು ನಿರ್ಧರಿಸಿ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ಹೊರತಂದ ವಾರ್‌ಹ್ಯಾಮರ್ ಆಟದ ಲೋಕದಲ್ಲಿ ಮಾಯಾವಿದ್ಯೆಗೆ ಎಂಟು ಬಗೆ, ಪ್ರತಿಯೊಂದಕ್ಕೂ ಅದರದೇ ಬಣ್ಣ. ಬೆಂಕಿಗೆ ಕೆಂಪು, ಆಕಾಶಕ್ಕೆ ನೀಲಿ, ಜೀವಕ್ಕೆ ಹಸಿರು, ಸಾವಿಗೆ ನೇರಳೆ, ಲೋಹಕ್ಕೆ ಬಂಗಾರ, ನೆರಳಿಗೆ ಬೂದು, ಬೆಳಕಿಗೆ ಬಿಳಿ, ಮೃಗಗಳಿಗೆ ಕಂದು. ನೀವು ಬೇರೆ ಆಟ ಆಡುವವರಾದರೂ ಈ ಹಂಚಿಕೆ ಉಪಯೋಗಕ್ಕೆ ಬರುತ್ತದೆ. ಒಂದು ಮುಖ್ಯ ಬಣ್ಣ, ಅದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು, ಅಷ್ಟೇ ಇರಲಿ. ಈ ಲೇಖನಕ್ಕೆ ಆಕಾಶದ ಮಾಂತ್ರಿಕನನ್ನು ಆರಿಸಿಕೊಂಡಿದ್ದೇನೆ. ಗಾಢ ನೀಲಿ ಒಡಲು, ಕೆಂಪು ಸೆರಗು: ಇಳಕಲ್ ಸೀರೆಯ ಹಳೆಯ ಜೋಡಿ ಇದು.

ಕತ್ತರಿಸಿ ಜೋಡಿಸುವುದು

ದುಬಾರಿ ಮಾಂತ್ರಿಕನನ್ನೇ ಕೊಳ್ಳಬೇಕೆಂದಿಲ್ಲ. ಸೈನಿಕರ ಪೆಟ್ಟಿಗೆಯಲ್ಲಿ ಉಳಿದ ಒಂದು ಮೈ, ಇನ್ನೊಂದು ಪೆಟ್ಟಿಗೆಯ ಗಡ್ಡದ ತಲೆ, ಮೂರನೆಯದರ ಚಾಚಿದ ಕೈ ಸಾಕು. ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಭಾಗಗಳನ್ನು ನಿಪ್ಪರ್ ಎಂಬ ಸಣ್ಣ ಇಕ್ಕಳದಂಥ ಕತ್ತರಿಯಿಂದ ಸ್ವಲ್ಪ ದೂರದಲ್ಲೇ ಕತ್ತರಿಸಿ, ಉಳಿದ ಮೊಟಕು ತುಂಡನ್ನು ಬ್ಲೇಡಿನಿಂದ ಸವರಿ ತೆಗೆಯಿರಿ. ಅಚ್ಚಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಕೆರೆಯಿರಿ. ಬ್ಲೇಡು ಯಾವಾಗಲೂ ಬೆರಳಿನಿಂದ ಆಚೆಗೆ ಹೋಗಲಿ.

ಪೀಠದ ಮೇಲೆ ನಿಲ್ಲಿಸುವ ಮುನ್ನ ಬ್ಲೂ ಟ್ಯಾಕ್ ಎಂಬ, ಹಚ್ಚಿ ತೆಗೆಯಬಹುದಾದ ಅಂಟುಮೇಣದಿಂದ ತಾತ್ಕಾಲಿಕವಾಗಿ ಹಿಡಿಸಿ, ಮೂರಡಿ ದೂರದಿಂದ ನೋಡಿ. ನೆರಳಿನಂತೆ ಕಪ್ಪಾಗಿ ಕಂಡರೂ ಇವನು ಮಾಂತ್ರಿಕನೆಂದು ಗೊತ್ತಾಗಬೇಕು. ಕತ್ತಿ ಹಿಡಿದ ಕೈ ಕೆಳಗಿದ್ದರೆ ಸೈನಿಕ. ಅದೇ ಕೈ ಭುಜಕ್ಕಿಂತ ಮೇಲೆದ್ದು ಬೆರಳು ಬಿಚ್ಚಿದ್ದರೆ ಮಾಂತ್ರಿಕ. ಕಾಲ ಕೆಳಗೆ ಒಂದು ಬಂಡೆಯಿಟ್ಟು ಅರ್ಧ ಸೆಂಟಿಮೀಟರ್ ಎತ್ತರಿಸಿದರೆ ಇನ್ನೂ ಒಳ್ಳೆಯದು.

ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸಿಮೆಂಟೇ ಬೇಕು. ಅದು ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ರೆಸಿನ್ ಅಥವಾ ಲೋಹದ ಗೊಂಬೆಗೆ ಅದು ಹಿಡಿಯುವುದಿಲ್ಲ, ಅಲ್ಲಿ ಫೆವಿಕ್ವಿಕ್. ಚಾಚಿದ ಕೈ, ಉದ್ದನೆಯ ದಂಡ ಇವೆಲ್ಲ ಬರೀ ಅಂಟಿನ ಮೇಲೆ ನಿಲ್ಲಲಾರವು. 1 ಮಿ.ಮೀ. ಬಿಟ್ ಹಾಕಿದ ಕೈ ಡ್ರಿಲ್‌ನಿಂದ ಎರಡೂ ಕಡೆ ತೂತು ಕೊರೆದು, ಜೆಮ್ ಕ್ಲಿಪ್ಪಿನ ತಂತಿಯ ತುಂಡನ್ನು ಒಳಗೆ ಸೇರಿಸಿ ಅಂಟಿಸಿ. ಬೆಳಗಾವಿಯವರಿಗೆ ಇಂಥ ಸಣ್ಣ ಬಿಟ್‌ಗಳ ಚಿಂತೆಯಿಲ್ಲ, ಉದ್ಯಮಬಾಗ್ ಕಡೆಯ ಟೂಲ್ ಅಂಗಡಿಗಳಲ್ಲಿ ಕೇಳಿ.

ನಿರಿಗೆ ಬಿಡಿಸುವುದು

ಸೈನಿಕನ ಮೈ ಮಾಂತ್ರಿಕನದಾಗುವುದು ಇಲ್ಲಿ. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಅಗ್ಗ, ಆದರೆ ತರಿತರಿ. ಬಂಡೆಗೆ, ಸಂದು ತುಂಬುವುದಕ್ಕೆ, ನಿಲುವಂಗಿಯೊಳಗಿನ ದಪ್ಪಕ್ಕೆ ಅದು ಸಾಕು. ಮೇಲೆ ಕಾಣುವ ತೆಳುವಾದ ಬಟ್ಟೆಗೆ ಹಳದಿ ಮತ್ತು ನೀಲಿ ಪಟ್ಟಿಗಳಲ್ಲಿ ಬರುವ ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಮೇಣವನ್ನು ತರಿಸಿಕೊಳ್ಳಿ. ಇಲ್ಲಿ ಕಾಸು ನೋಡಬೇಡಿ. ಎರಡೂ ಪಟ್ಟಿ ಸೇರುವಲ್ಲಿ ಆಗಲೇ ಗಟ್ಟಿಯಾಗಿರುವ ಎಳೆಯನ್ನು ಕತ್ತರಿಸಿ ಬಿಸಾಡಿ. ಇಲ್ಲದಿದ್ದರೆ ಬಟ್ಟೆಯ ತುಂಬ ಗಂಟು. ಉಳಿದದ್ದನ್ನು ಸಮ ಪಾಲು, ಒಂದೇ ಹಸಿರು ಬಣ್ಣ ಬರುವ ತನಕ ನಾದಿ. ಎಪಾಕ್ಸಿ ಹಸಿಯಿರುವಾಗ ಕೈಗವಸು ಇರಲಿ.

ನಾದಿದ್ದನ್ನು ಟಾಲ್ಕಂ ಪೌಡರ್ ಉದುರಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಹಪ್ಪಳಕ್ಕಿಂತ ತೆಳ್ಳಗೆ ಲಟ್ಟಿಸಿ. ಕೂಡಲೇ ಹಚ್ಚಬೇಡಿ. ಅರ್ಧ ಗಂಟೆ ಬಿಟ್ಟರೆ ಹಿಗ್ಗುವುದು ನಿಂತು, ಬಟ್ಟೆಯ ಹಾಗೆ ಮಡಚುತ್ತದೆ. ಬೇಸಿಗೆಯ ವಿಜಯಪುರದಲ್ಲಿ ಇನ್ನೂ ಬೇಗ. ಬ್ಲೇಡಿನಿಂದ ತ್ರಿಕೋನದ ತುಂಡು ಕತ್ತರಿಸಿ, ಮೇಲಿನ ಅಂಚನ್ನು ಭುಜಕ್ಕೆ ಒತ್ತಿ, ಕೆಳಗಿನದನ್ನು ಜೋತು ಬಿಡಿ.

ನಿರಿಗೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬಟ್ಟೆ ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಂದ ಹೊರಡುತ್ತವೆ: ಭುಜ, ಎತ್ತಿದ ಮೊಣಕೈ, ಸೊಂಟದ ಪಟ್ಟಿ, ಮುಂದಿಟ್ಟ ಮೊಣಕಾಲು. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಧೋತರವನ್ನು ಐದು ನಿಮಿಷ ದಿಟ್ಟಿಸಿದರೆ ಅರ್ಥವಾಗುತ್ತದೆ. ನೀರಿನಲ್ಲಿ ಅದ್ದಿದ ಸ್ವೆಟರ್ ಸೂಜಿಯಿಂದ ಮೇಲಿನಿಂದ ಕೆಳಕ್ಕೆ ಉದ್ದನೆಯ ತಗ್ಗು ಎಳೆಯಿರಿ. ಮೇಲೆ ಕಿರಿದು, ಕೆಳಗೆ ಅಗಲ. ಅಂಚು ತೀರ ಕೆಳಗೆ ಒಂದೂವರೆ ಮಿ.ಮೀ.ನಷ್ಟು ಸಪಾಟಾಗಿ ಉಳಿಯಲಿ, ನಾವು ನೇಯುವ ಅಂಚು ಅಲ್ಲೇ ಬರಬೇಕು. ರಾತ್ರಿಯಿಡೀ ಒಣಗಲಿ.

ಪ್ರೈಮರ್ ಮತ್ತು ಹವೆ

ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಬಣ್ಣವೇ ಪ್ರೈಮರ್. ಕಪ್ಪು ಸ್ಪ್ರೇ ಪ್ರೈಮರ್ ಸುತ್ತಲೂ, ಆಮೇಲೆ ಬಿಳಿಯದನ್ನು ಮೇಲಿನಿಂದ ಮಾತ್ರ. ಆಗ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಎಂದು ಗೊಂಬೆಯೇ ತೋರಿಸುತ್ತದೆ. ಡಬ್ಬಿ 20–30 ಸೆಂ.ಮೀ. ದೂರವಿರಲಿ, ಬಯಲಿನಲ್ಲಿ, ಮಾಸ್ಕ್ ಹಾಕಿಕೊಂಡು.

ನಮ್ಮ ಮೂರು ಜಿಲ್ಲೆಗಳ ಹವೆ ಮಾತ್ರ ಒಂದೇ ಅಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಸ್ಪ್ರೇ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಆಷಾಢ–ಶ್ರಾವಣದಲ್ಲಿ ಕುಂಚದಿಂದ ಹಚ್ಚುವ ಪ್ರೈಮರ್ ಮೇಲು. ಬಾಗಲಕೋಟೆ, ವಿಜಯಪುರದ ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಬಣ್ಣದ ಹನಿ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಅಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿ. ಬಣ್ಣಕ್ಕೂ ಇದೇ ಸಂಕಟ. ಫ್ಯಾನ್ ಬಂದ್ ಮಾಡಿ, ಹಸಿ ಪ್ಯಾಲೆಟ್ ಇಟ್ಟುಕೊಳ್ಳಿ: ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಕುಡಿದ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್. ಮೇಣದ ಕಾಗದ ಬೇಡ, ನೀರು ಮೇಲೆ ಬರುವುದಿಲ್ಲ.

ಒಡಲು

ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಎರಡು ಸಲ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದರೆ ನೀವು ಎಳೆದ ನಿರಿಗೆಗಳೆಲ್ಲ ಮುಚ್ಚಿಹೋಗುತ್ತವೆ. ಮೊದಲು ಗಾಢ ನೀಲಿ. ಅದಕ್ಕೇ ಚೂರು ಕಪ್ಪು ಬೆರೆಸಿ ನಿರಿಗೆಯ ತಗ್ಗಿಗೆ. ಉಬ್ಬಿಗೆ ಅದೇ ನೀಲಿಗೆ ತಿಳಿಬೂದು ಬೆರೆಸಿ, ಸ್ವಲ್ಪ ಸ್ವಲ್ಪವೇ ತಿಳಿಯಾಗಿಸುತ್ತ, ಪ್ರತಿ ಸಲ ಕಡಿಮೆ ಜಾಗಕ್ಕೆ. ಬಿಳಿಯನ್ನೇ ಬೆರೆಸಿದರೆ ಬಟ್ಟೆ ಸುಣ್ಣ ಹಚ್ಚಿದಂತೆ ಕಾಣುತ್ತದೆ.

ಅಂಚು ಮತ್ತು ಟೋಪತೆನಿ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಹಾಕುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೇ ಬಣ್ಣ ಥಟ್ಟನೆ ಬದಲಾಗುತ್ತದೆ. ಗೊಂಬೆಯಲ್ಲೂ ನೀಲಿ ಮತ್ತು ಕೆಂಪು ಒಂದರೊಳಗೊಂದು ಕರಗಬಾರದು, ಗೆರೆ ಕತ್ತರಿಸಿದಂತಿರಲಿ.

ಕೆಂಪು ಬಣ್ಣ ಗಾಢ ಬಣ್ಣದ ಮೇಲೆ ಕೂರುವುದೇ ಇಲ್ಲ. ಮೊದಲು ಅಂಚಿನ ಪಟ್ಟಿಗೆ ಇಟ್ಟಿಗೆ ಕಂದು ಬಳಿದು, ಅದರ ಮೇಲೆ ಕೆಂಪು. ನಂತರ ಟೋಪತೆನಿಯ, ಅಂದರೆ ಇಳಕಲ್ ಸೆರಗಿನ ವಿನ್ಯಾಸದ, ಬಿಳಿ ಹಲ್ಲುಗಳು. ತ್ರಿಕೋನಗಳನ್ನು ಒಂದೊಂದಾಗಿ ಬಿಡಿಸಲು ಹೋದರೆ ಗಾತ್ರ ಹೆಚ್ಚುಕಡಿಮೆಯಾಗುತ್ತದೆ. ಬದಲಿಗೆ ಕೆಂಪಿನ ಮೇಲೆ ದಂತವರ್ಣದ ಒಂದು ನೇರ ಪಟ್ಟಿ ಎಳೆಯಿರಿ. ಅದು ಒಣಗಿದ ಮೇಲೆ ಕೆಂಪು ಬಣ್ಣ ತೆಗೆದುಕೊಂಡು, ಪಟ್ಟಿಯ ಮೇಲಂಚಿನಿಂದ ಸಮ ಅಂತರದಲ್ಲಿ ಸಣ್ಣ ‘ವಿ’ಗಳನ್ನು ಕೊರೆಯುತ್ತ ಹೋಗಿ. ಉಳಿದ ದಂತವರ್ಣವೇ ಹಲ್ಲಾಗುತ್ತದೆ. ತಪ್ಪಿದಲ್ಲಿ ಮತ್ತೆ ದಂತವರ್ಣ, ಮತ್ತೆ ಕೆಂಪು. ನಿರಿಗೆಯ ತಗ್ಗಿನೊಳಗೆ ಹಲ್ಲುಗಳು ಕಿರಿದಾಗಿ ಒತ್ತೊತ್ತಾಗಿ ಬರಲಿ, ಉಬ್ಬಿನ ಮೇಲೆ ಅಗಲವಾಗಿ. ಬಟ್ಟೆ ಬಾಗಿದೆ ಎಂದು ಕಣ್ಣು ನಂಬುವುದು ಇದರಿಂದಲೇ.

ಕುಂಚ 000 ಬೇಡ. ಅದರ ತುದಿಯಲ್ಲಿ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ತುದಿ ಚೂಪಾಗಿರುವ 1ನೇ ನಂಬರಿನದು ಸಾಕು. ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ ಮೇಜಿಗೆ ಒರಗಿಸಿದರೆ ಕೈ ನಡುಗುವುದಿಲ್ಲ.

ಬೆನ್ನಿನ ಮೇಲೆ ಖಾಲಿ ಜಾಗವಿದ್ದರೆ ಕಸೂತಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಈ ಗಾತ್ರಕ್ಕೆ ಹೊಂದುವುದು ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರ್ಗಿ. ಚುಕ್ಕೆ ಇಟ್ಟು, ಅಡ್ಡ-ಉದ್ದ ಗೆರೆಗಳಿಂದ ಕೂಡಿಸಿದರೆ ಒಂದು ಗೋಪುರ ಏಳುತ್ತದೆ. ಒಂದೇ ಗೋಪುರ ಸಾಕು, ಮೈತುಂಬ ಬರೆದರೆ ದೂರದಿಂದ ಕಲೆಯಂತೆ ಕಾಣುತ್ತದೆ. ಜೀವವಿದ್ಯೆಯ ಹಸಿರು ಮಾಂತ್ರಿಕನಾದರೆ ಒಳಂಗಿಗೆ ಗುಳೇದಗುಡ್ಡದ ಖಣವನ್ನು ನೋಡಿ ಸಣ್ಣ ಬುಟ್ಟಾಗಳನ್ನು ಇಡಬಹುದು.

ಬೆಳಕು

ದಂಡದ ತುದಿಯ ಹರಳು ಹೊಳೆಯುವಂತೆ ಮಾಡಲು ಹರಳೇ ಇಡೀ ಗೊಂಬೆಯಲ್ಲಿ ಅತಿ ಬೆಳ್ಳಗಿರಬೇಕು. ಅದಕ್ಕೆ ಎದುರಾಗಿರುವ ಕೆನ್ನೆ, ಬೆರಳು, ತೋಳಿನ ಮೇಲ್ಭಾಗಕ್ಕೆ ಮಾತ್ರ ತೀರ ನೀರಾದ ತಿಳಿನೀಲಿಯನ್ನು ಪದರ ಪದರವಾಗಿ ಹಾಯಿಸಿ. ಹರಳಿಗೆ ಬೆನ್ನು ಮಾಡಿರುವ ಜಾಗ ಕತ್ತಲಲ್ಲೇ ಇರಲಿ.

ಪೀಠ

ವಾರ್‌ಹ್ಯಾಮರ್‌ನ ಎರಡು ಆಟಗಳಲ್ಲಿ ದಿ ಓಲ್ಡ್ ವರ್ಲ್ಡ್ ಆಡುವವರಿಗೆ ಚೌಕ ಪೀಠ, ಏಜ್ ಆಫ್ ಸಿಗ್ಮಾರ್‌ಗೆ ದುಂಡು. ಬಿರುಕುಬಿಟ್ಟ ಎರಿಭೂಮಿ ಬೇಕಿದ್ದರೆ ಫೆವಿಕಾಲ್ ದಪ್ಪಗೆ ಹಚ್ಚಿ, ಅದು ಅಂಟಂಟಾಗಿರುವಾಗಲೇ ಕಪ್ಪುಕಂದು ಅಕ್ರಿಲಿಕ್ ಬಳಿಯಿರಿ. ಒಣಗುತ್ತ ಮೇಲಿನ ಪದರ ಸೀಳುತ್ತದೆ. ಬಾದಾಮಿಯ ಬಂಡೆಗೆ ಎಂ-ಸೀಲ್ ಮುರಿದ ತುಂಡುಗಳು, ಇಟ್ಟಿಗೆ ಕಂದು, ಮೇಲೆ ಒಣ ಕುಂಚದಿಂದ ಕಿತ್ತಳೆ, ಕೊನೆಗೆ ತುಸು ಮಾಸಲು ಹಳದಿ. ನೀಲಿ ನಿಲುವಂಗಿ ಆ ಕೆಂಪು ಕಲ್ಲಿನ ಮೇಲೆ ಎದ್ದು ಕಾಣುತ್ತದೆ. ಘಟಪ್ರಭೆಯ ಮರಳು ತಂದರೆ ತೊಳೆದು, ತವೆಯ ಮೇಲೆ ಹುರಿದು ಬಳಸಿ.

ಎಲ್ಲ ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್, ಹರಳಿಗೆ ಮಾತ್ರ ಒಂದು ಹನಿ ಹೊಳಪಿನ ವಾರ್ನಿಶ್. ಬಸ್ಸಿನಲ್ಲಿ ಬೇರೆ ಊರಿಗೆ ಆಡಲು ಒಯ್ಯುವವರು ಪೀಠದಡಿಗೆ ಸಣ್ಣ ಅಯಸ್ಕಾಂತ ಅಂಟಿಸಿ, ತಗಡಿನ ಬಿಸ್ಕತ್ ಡಬ್ಬಿಯಲ್ಲಿ ನಿಲ್ಲಿಸಿ. ಅಡುಗೆಮನೆಯ ಸ್ಟೀಲ್ ಡಬ್ಬಿಯಾದರೆ ಮೊದಲು ಪರೀಕ್ಷಿಸಿ, ಬಹಳಷ್ಟಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ.